ಮೇಲಿನ ಚೌಕಟ್ಟಿಗೆ ಎಟುಕಿದ ಕೈ

ರೀ,

ನೋಯುವ ಕೈಯನ್ನು ಕತ್ತಿಗೆ ಜೋಲಿ ಕಟ್ಟಿ ಕೂರಿಸುವುದೇ ಪ್ರೀತಿಯೆಂದು ನಿಮಗೆ ಯಾವ ಪುಣ್ಯಾತ್ಮರು ಹೇಳಿಕೊಟ್ಟರು?

ಈ ಚೀಟಿ ಎಲ್ಲಿದೆ ನೋಡಿ. ಅಡುಗೆಮನೆ ಬಾಗಿಲಿನ ಮೇಲಿನ ಚೌಕಟ್ಟಿಗೆ, ಸ್ಟೂಲ್ ಹಾಕದೆ, ಇದೇ ಬಲಗೈಯಿಂದ ಅಂಟಿಸಿದ್ದೇನೆ!

ವರ್ಷಗಟ್ಟಲೆ ಕೈಯೆತ್ತಿ ಬೋರ್ಡಿನ ಮೇಲೆ ಬರೆದು ಹೆಗಲು ನೊಂದದ್ದು ನಿಜ. ಆದರೆ ವ್ಯಾಯಾಮ ಕಲಿಸುವ ಡಾಕ್ಟರಮ್ಮ ಹೇಳಿದ್ದೇನು? "ಮೇಡಂ, ನೋವು ತಂದಿದ್ದು ಬೋರ್ಡು, ಹೆಗಲಿನ ಕೀಲಿಗೆ ಬೀಗ ಜಡಿದಿದ್ದು ಈ ಜೋಲಿ. ಯಾರು ಕಟ್ಟಿದ್ದು ಇದನ್ನ?" ಯಜಮಾನರೆಂದು ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ.

ಅಂದಿನಿಂದ ಹೆಗಲಿಗೆ ಶಾಖ ಕೊಟ್ಟುಕೊಂಡು, ದಿನವೂ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಿದೆ. ಬಾಗಿಲ ಹಿಂದಿನ ಗೋಡೆಯ ಕಲೆಗಳಿಗಾಗಿ ಪಕ್ಕದ ಮನೆಯ ಮಕ್ಕಳನ್ನು ಬೈದಿರಲ್ಲ, ಅವು ನನ್ನ ಬೆರಳಿನವು. ಇಂದು ಜಡೆಯನ್ನೂ ನಾನೇ ಹೆಣೆದುಕೊಂಡೆ. ನೀವು ತಿಂಗಳುಗಟ್ಟಲೆ ತಾಳ್ಮೆಯಿಂದ ಹೆಣೆದದ್ದನ್ನು ಮರೆತಿಲ್ಲ. ಆದರೆ ನನ್ನದು ನೆಟ್ಟಗಿದೆ.

ಕ್ಷಮಿಸಲಾಗದ್ದು ಒಂದೇ. ನನ್ನನ್ನು ಒಂದು ಮಾತೂ ಕೇಳದೆ ಹೆಡ್‌ಮಾಸ್ತರರಿಗೆ ಫೋನ್ ಮಾಡಿ, "ಅವಳ ಕೈಲಿ ಆಗಲ್ಲ ಸಾರ್, ಲೈಬ್ರರಿಗೆ ಹಾಕಿಬಿಡಿ" ಎಂದಿರಿ. ಒಬ್ಬರ ಕೆಲಸವನ್ನು ಇನ್ನೊಬ್ಬರು ಬಿಟ್ಟುಕೊಡುವುದಕ್ಕೆ ಕರುಣೆಯೆಂಬ ಹೆಸರು ಸಲ್ಲದು. ನನ್ನ ಏಳನೆಯ ತರಗತಿಯನ್ನು ಇಂದು ಬೇರೆಯವರಿಗೆ ಒಪ್ಪಿಸಲಿದ್ದಾರೆ. ಅದಕ್ಕೆ ಮೊದಲೇ ಹೆಡ್‌ಮಾಸ್ತರರೆದುರು ನಿಂತು, ಬೋರ್ಡಿನ ತುತ್ತತುದಿಯ ಸಾಲಿನಿಂದ ಪಾಠ ಬರೆದು ತೋರಿಸಲು ಹೊರಟಿದ್ದೇನೆ.

ಕಾಫಿ ಫ್ಲಾಸ್ಕಿನಲ್ಲಿದೆ. ಕುಡಿಯುವ ಮೊದಲು ಅವರಿಗೆ ಫೋನ್ ಮಾಡಿ, "ನಾನು ಹೇಳಿದ್ದು ತಪ್ಪು ಸಾರ್, ಅವಳ ಕ್ಲಾಸು ಅವಳಿಗೇ ಕೊಡಿ" ಎಂದು ದಯವಿಟ್ಟು ನಿಮ್ಮ ಬಾಯಿಂದಲೇ ಹೇಳಿ.