ಸುಡಲೊಲ್ಲದ ರ-ಒತ್ತು

ಗಂಗಾವತಿ
೧೨ ಮಾರ್ಚ್ ೨೦೨೫, ಬುಧವಾರ

ಕ್ಷಮಾದಾನೇಶ್ವರಿಗೆ,

(‘ಕ್ಷಮಾ’ ಎಂಬುದನ್ನು ನಾನೇ ಸೇರಿಸಿದ್ದೇನೆ. ಕಾಗದ ಓದಿ ಮುಗಿಸುವ ತನಕ ಅದು ಅಲ್ಲೇ ಇರಲಿ.)

ನನ್ನ ತಾಯಿ ಶಿವಬಸಮ್ಮನವರ ಸಮಕ್ಷಮದಲ್ಲಿ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ನಿನ್ನ ಚಪಾತಿ ಮಣೆಯನ್ನು ಸುಟ್ಟವನು ನಾನೇ. ಒಂದು ಮಗ್ಗುಲಲ್ಲ, ಎರಡೂ ಮಗ್ಗುಲು. ಈಗ ಅದರ ಮೇಲೆ ಲಟ್ಟಿಸಿದ ಚಪಾತಿಗಳಲ್ಲಿ ‘ದ’, ‘ಕ್ಷ’ಗಳು ಉಲ್ಟಾ ಮೂಡುತ್ತವೆ. ಅವ್ವ ತಟ್ಟೆಗೆ ಹಾಕುವಾಗ, “ತಗೋ, ಸಾಲಿ ಕಲತ ಚಪಾತಿ” ಎನ್ನುತ್ತಾಳೆ. ತಪ್ಪನ್ನು ಅಕ್ಷರಶಃ ನುಂಗುತ್ತಿದ್ದೇನೆ.

ನಿನ್ನ ಸೊಂಟನೋವು ಹೇಗಿದೆ? ಬಾಣಂತನಕ್ಕೆ ನಿಂತ ರೇಣುಕಮ್ಮ ಚಿಗವ್ವ ಕೊಡುವ ಅಂಟಿನುಂಡಿಯನ್ನು ತಿನ್ನುತ್ತೀಯೋ, ದಿಂಬಿನ ಕೆಳಗೆ ಸೇರಿಸುತ್ತೀಯೋ? ಮಗಳ ಹೊಕ್ಕುಳು ಪೂರಾ ಒಣಗಿತೇ? ನಾನು ಓದುವಾಗ ಭೌತಶಾಸ್ತ್ರದ ಪುಸ್ತಕದಲ್ಲಿ ಫೋಕಸ್‌ಗೆ ‘ನಾಭಿ’ ಎಂದೇ ಇತ್ತು. ಅಲ್ಲಿ ನೀನೊಂದು ನಾಭಿಯನ್ನು ಜೋಪಾನ ಮಾಡುತ್ತಿದ್ದರೆ, ಇಲ್ಲಿ ನಾನು ಇನ್ನೊಂದಕ್ಕಾಗಿ ತಡಕಾಡುತ್ತಿದ್ದೆ. ಫೋನ್ ಮಾಡಬಹುದಿತ್ತು. ಆದರೆ ಬಾಣಂತಿಯ ಕಣ್ಣಿಗೆ ಕೆಟ್ಟದ್ದೆಂದು ಚಿಗವ್ವ ನಿನ್ನ ಫೋನನ್ನು ಎತ್ತಿಟ್ಟಿದ್ದಾಳೆ. ನಿಮ್ಮಪ್ಪನವರ ಫೋನಿಗೆ ಮಾಡಿದರೆ ಅವರು ಸ್ಪೀಕರ್ ಹಾಕಿ ಇಡೀ ಯಲಬುರ್ಗಾಕ್ಕೆ ಕೇಳಿಸುತ್ತಾರೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ರವಿಕುಮಾರ ನಿಮ್ಮೂರಿಗೆ ಹೊರಟಿದ್ದಾನೆ. ತೊಟ್ಟಿಲ ಹಲಗೆಯ ಜೊತೆ ಇದನ್ನೂ ನಿನ್ನ ಕೈಗೇ ಕೊಡುತ್ತಾನೆ.

ಆ ಹಲಗೆಯ ವಿಷಯಕ್ಕೆ ಬರುತ್ತೇನೆ. ಬಸುರಿ ನಿನಗೆ ಮಾಡಿದ ಕುಬುಸದ ಊಟದಲ್ಲಿ, ಹೋಳಿಗೆ ತಲೆಗೇರಿ, ಮಗುವಿನ ಹೆಸರನ್ನು ನಾನೇ ಮಾಡಿದ ಲೇಸರ್ ಯಂತ್ರದಿಂದ ತೊಟ್ಟಿಲ ಮೇಲೆ ಬರೆಯುತ್ತೇನೆ ಎಂದು ಎಲ್ಲರೆದುರು ಸಾರಿದ್ದೆನಲ್ಲ. ನಿಮ್ಮಪ್ಪ ದೇವೇಂದ್ರಪ್ಪನವರು ಸಾರಿನ ಬಟ್ಟಲು ಕೆಳಗಿಟ್ಟು, “ಲೇಸರ್ ಅಂತೀರಿ, ಕೆಲಸ ಲೇಸ್ ಆಗ್ತೈತೇನ್ರಿ ಅಳ್ಯಾರ?” ಎಂದರು. ಪಂಕ್ತಿಯೆಲ್ಲ ನಕ್ಕಿತು. ಶ್ಲೇಷೆ ನನ್ನ ಜಮೀನು. ಮಾವನವರು ಅದನ್ನೂ ಒತ್ತುವರಿ ಮಾಡಿದರು. ನೀನು ಮಾತ್ರ ನಗಲಿಲ್ಲ. ಹೆಣ್ಣಾದರೆ ತೀರಿಹೋದ ನಿಮ್ಮವ್ವನ ಹೆಸರು ಎಂದು ಆಗಲೇ ಮಾತಾಗಿತ್ತು. ದ್ರಾಕ್ಷಾಯಿಣಿ. ಆ ಹೆಸರನ್ನು ಹಿಡಿದು ನಾನು ಎಷ್ಟು ಸಲ ಕೀಟಲೆ ಮಾಡಿಲ್ಲ: ದಕ್ಷನ ಮಗಳು ದಾಕ್ಷಾಯಿಣಿ, ನಡುವೆ ಈ ದ್ರಾಕ್ಷಿ ಎಲ್ಲಿಂದ ಬಂತು, ನಿಮ್ಮಜ್ಜನಿಗೇನು ಕುಷ್ಟಗಿಯಲ್ಲಿ ದ್ರಾಕ್ಷಿ ತೋಟವಿತ್ತೇ ಎಂದೆಲ್ಲ. ಅಂದು ನೀನು ನನ್ನನ್ನು ಒಳಮನೆಗೆ ಕರೆದು, ದನಿ ಏರಿಸದೆ ಹೇಳಿದೆ: “ನಮ್ಮವ್ವ ಸಾಯೂತನಾ ಸಹಿ ಮಾಡಿದ್ದು ಹಂಗ. ಊರೆಲ್ಲ ಕರದಿದ್ದೂ ಹಂಗ. ನೀವು ಅಕಿ ಹೆಸರು ತಿದ್ದಿದ್ರ ತೊಟ್ಲಕ್ಕ ಬರಬ್ಯಾಡ್ರಿ.” ನೀನು ಕೂಗಾಡಿದರೆ ನನಗೆ ಧೈರ್ಯ, ಮೆಲ್ಲಗೆ ಮಾತಾಡಿದರೆ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತೇನೆ. ಆಮೇಲೆ ನಿಮ್ಮಪ್ಪ ಕಳಿಸಿದ ಹಲಗೆಯಾದರೂ ಎಂಥದ್ದು? ನಿಮ್ಮವ್ವ ನಿನ್ನನ್ನು ತೂಗಿದ ತೊಟ್ಟಿಲಿನದೇ, ಹಳೆಯ ಸಾಗವಾನಿ, ಅಂಥದ್ದು ಇನ್ನೊಂದಿಲ್ಲ. ಸುಟ್ಟ ಅಕ್ಷರ ಅಳಿಸುವ ರಬ್ಬರನ್ನು ಯಾರೂ ಕಂಡುಹಿಡಿದಿಲ್ಲ. ಶುಕ್ರವಾರ ತೊಟ್ಟಿಲು, ಹೆಸರಿಡುವ ದಿನ.

ಯಂತ್ರವೆಂದರೆ ಎರಡು ಹಳೆಯ ಪ್ರಿಂಟರುಗಳ ಹೊಟ್ಟೆ ಬಗೆದು ತೆಗೆದ ಹಳಿ, ಮೋಟರು. ಅವುಗಳ ನಡುವೆ ಬೆರಳುಗಾತ್ರದ ಲೇಸರ್ ದೀಪ. ಹೊಗೆ ಹೊರಹೋಗಲೆಂದು ಅಡುಗೆಕಟ್ಟೆಯ ಮೇಲೆ, ಎಗ್ಸಾಸ್ಟ್ ಫ್ಯಾನಿನ ಪಕ್ಕ ಕೂರಿಸಿದೆ. ಲ್ಯಾಪ್‌ಟಾಪು ಹೊರಗೆ ಪಡಸಾಲೆಯಲ್ಲಿ, ಬಾಗಿಲ ಸಂದಿಯಿಂದ ವೈರು. ಯಂತ್ರ ಉರಿಯುವಾಗ ಬಾಗಿಲು ಬಂದ್. ಒಳಗೆ ನಾನೊಬ್ಬನೇ, ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು. ಮೊದಲ ಸಲ ಗೆರೆ ಸೂಜಿಯ ಹಾಗೆ ಬರುವ ಬದಲು ವಿಭೂತಿ ಪಟ್ಟೆಯ ಹಾಗೆ ಬಂತು. ಮಸೂರವನ್ನು ತಿರುಗಿಸಿ ಚುಕ್ಕೆಯನ್ನು ಸಾಸಿವೆಗಿಂತ ಸಣ್ಣದು ಮಾಡುತ್ತೇನೆ, ಯಂತ್ರ ಓಡತೊಡಗಿದರೆ ಮತ್ತೆ ಕಡಲೆಕಾಳು. ಕೊನೆಗೆ ಗೊತ್ತಾಯಿತು, ಮೋಟರಿನ ನಡುಕಕ್ಕೆ ಮಸೂರದ ತಿರುಪು ತಾನಾಗಿ ಸಡಿಲಾಗುತ್ತಿತ್ತು. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸುತ್ತಿ ಬಿಗಿ ಮಾಡಿದೆ. ನಾಭಿ ನಿಂತಿತು.

ನಾಭಿ ನಿಂತರೆ ಶಕ್ತಿ ಹೋಯಿತು. ಗೆರೆ ಸಣ್ಣಗಿದೆ, ಆದರೆ ಚಹಾದ ಕಲೆಯಷ್ಟೂ ಬಣ್ಣವಿಲ್ಲ. ಕರೆಂಟನ್ನು ಬೈದೆ, ಅಡಾಪ್ಟರನ್ನು ಬೈದೆ, ಯಂತ್ರಕ್ಕೆ ಹಾಕಿದ್ದ ಕರೆಗಂಟೆಯ ತೆಳು ವೈರು ಬಿಸಿಯಾಗುತ್ತಿದ್ದುದನ್ನು ಕಂಡು ದಪ್ಪ ವೈರು ಹಾಕಿದೆ. ತುಸು ಚೇತರಿಸಿ ಮತ್ತೆ ಮಂಕಾಯಿತು. ಸುಮ್ಮನೆ ಮಸೂರವನ್ನು ಬಟ್ಟೆಯಿಂದ ಒರೆಸಿ ಮೂಗಿಗೆ ಹಿಡಿದೆ: ಮಿರ್ಚಿ ಭಜಿ! ನಾನು ಯಂತ್ರ ನಿಲ್ಲಿಸಿದಾಗಲೆಲ್ಲ ಅವ್ವ ಬಾಣಲೆ ಇಡುತ್ತಿದ್ದಳು. ಆ ಎಣ್ಣೆಹಬೆಯನ್ನೆಲ್ಲ ಫ್ಯಾನು ಮಸೂರದ ಮೇಲಿಂದಲೇ ಎಳೆಯುತ್ತಿತ್ತು. ಸ್ಪಿರಿಟ್ ಹಚ್ಚಿ ಒರೆಸಿ, ಭಜಿ ನಿಲ್ಲಿಸೆಂದು ಕೈಮುಗಿದೆ. “ಎಣ್ಣಿ ಕಂಡ್ರ ದೀಪ ಉರಿಬೇಕಲ್ಲಪಾ, ನಿಂದ್ಯಾಕ ಆರ್ತೈತಿ?” ಎಂದಳು. ಕಾಲೇಜಿನಲ್ಲಿ ಪಾಠ ಮಾಡುವ ನಾನು ಇನ್ನೊಮ್ಮೆ ಮಸೂರ ಒರೆಸಿದೆ.

ಆಮೇಲೆ ಬಂದದ್ದು ನಿಜವಾದ ಗಂಡಾಂತರ. ಪರೀಕ್ಷೆಗೆಂದು ಇಟ್ಟ ಚಪಾತಿ ಮಣೆಯ ಮೇಲೆ ಎಲ್ಲ ಅಕ್ಷರಗಳೂ ಕಪ್ಪಗೆ, ಚೂಪಾಗಿ ಮೂಡಿದವು. ‘ದ’ದ ಕೆಳಗಿನ ರ-ಒತ್ತು ಮಾತ್ರ ಇಲ್ಲ. ವೇಗ ಇಳಿಸಿದೆ, ಶಕ್ತಿ ಪೂರಾ ಏರಿಸಿದೆ; ‘ದ’ ಕರಕಾಯಿತು, ಅದರ ಬುಡ ಬೋಳು. ಮಣೆಯ ಮೂಲೆಗೆ ಲಗ್ನಪತ್ರಿಕೆಯ ರಟ್ಟು ಮಡಚಿ ಕೊಟ್ಟು ಎತ್ತರಿಸಿದೆ, ಇಲ್ಲ. ಅದೇ ಸಾಲಿನಲ್ಲಿ ‘ಕ್ಷ’ದ ಒತ್ತು ಠೀವಿಯಿಂದ ಕೂತಿದೆ! ಎಡಗಡೆಯ ಬುಡದಲ್ಲೇ ಬೆಳಕು ಸೋಲುತ್ತಿದೆ ಎಂದು ತೀರ್ಮಾನಿಸಿದೆ. ದಾನೇಶ್ವರಿ, ಬೇರಾವ ಅಕ್ಷರ ಕೈಕೊಟ್ಟಿದ್ದರೂ ಯಂತ್ರದ ತಪ್ಪೆಂದು ನೀನು ನಂಬುತ್ತಿದ್ದೆ. ಇದೊಂದು ಹೋದರೆ, ಬೇಕೆಂದೇ ನಿಮ್ಮವ್ವನ ಹೆಸರು ತಿದ್ದಿದೆ ಎನ್ನುತ್ತೀ. ಅನ್ನದೆ ಇನ್ನೇನು ಮಾಡೀಯೆ? ಒತ್ತು ಕಾಣದೆ ನನಗೆ ರಕ್ತದೊತ್ತಡ ಕಾಣಿಸಿಕೊಂಡಿತು. ಮಗಳ ಮುಖ ಮೊದಲ ಸಲ ತೊಟ್ಟಿಲಲ್ಲಿ ನೋಡುವ ದಿನ ನಾನು ನಿಮ್ಮ ಹೊಸ್ತಿಲ ಹೊರಗೆ ನಿಂತಿರುವುದು ಕಣ್ಣಿಗೆ ಕಟ್ಟಿತು. ಈ ಮಾತಿನಲ್ಲಿ ಶ್ಲೇಷೆ ಇಲ್ಲ.

ಆದರೆ ಇವತ್ತು ಮುಂಜಾನೆ ಗೆದ್ದೆ! ಆ ಮೂರನೆಯ ದೋಷ ಬಹಳ ಸೂಕ್ಷ್ಮವಾದದ್ದು, ಬಾಣಂತಿ ತಲೆ ಕೆಡಿಸಿಕೊಳ್ಳುವಂಥದ್ದಲ್ಲ ಬಿಡು. ಹಲಗೆಯನ್ನು ನೋಡು: ದ್ರಾಕ್ಷಾಯಿಣಿ, ನಿಮ್ಮವ್ವ ಬರೆಯುತ್ತಿದ್ದ ಹಾಗೆಯೇ. ಒತ್ತು ‘ದ’ದಿಂದ ತುಸು ದೂರ ಸರಿದು ಕೂತಿದೆ, ಅದು ಅಲಂಕಾರ. ಅಳಿಯ ಬೆಳಕಿನಿಂದ ಬರೆದ, ಮತ್ತೊಬ್ಬರ ನೆರವಿಲ್ಲದೆ, ತಪ್ಪಿಲ್ಲದೆ ಬರೆದ ಎಂದು ಮಾವನವರಿಗೆ ಗಟ್ಟಿಯಾಗಿ ಹೇಳು. ಲೇಸಾಗಿದೆಯೋ ಇಲ್ಲವೋ ಅವರೇ ಕೈಯಾಡಿಸಿ ನೋಡಲಿ.

ಮಗಳ ಅಂಗಾಲಿಗೆ ನನ್ನ ಮುತ್ತು, ಚಿಗವ್ವನಿಗೆ ನಮಸ್ಕಾರ, ಮಾವನವರಿಗೆ ಶರಣು. ಅವ್ವ ನಿನಗೆ ತಲೆಗೆ ಬಟ್ಟೆ ಕಟ್ಟಿಕೊಂಡೇ ಇರಬೇಕೆಂದು ಹೇಳಿದ್ದಾಳೆ.

ನಿನ್ನ,
ಪ್ರಭುರಾಜ
(ಸದ್ಯಕ್ಕೆ ಪ್ರಭುವೂ ಅಲ್ಲ, ರಾಜನೂ ಅಲ್ಲ)

ತಾ.ಕ.: ರವಿಕುಮಾರ ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಬರೆಯದೆ ಕಳಿಸಲಾರೆ. ಮೂರನೆಯ ದೋಷ ಎಂಬುದೇ ಇರಲಿಲ್ಲ. ಇನ್ನಷ್ಟು ನಿಧಾನ ಸುಟ್ಟರೆ ಒತ್ತು ಬಂದೇ ಬರುತ್ತದೆಂಬ ಹಟದಲ್ಲಿ ನಿಮ್ಮವ್ವನ ಹಲಗೆಯನ್ನೇ ಇಟ್ಟು ಶುರುಮಾಡಿಬಿಟ್ಟಿದ್ದೆ. ‘ದಾ’ ಮುಗಿದಿತ್ತು. ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಮೆಂತ್ಯೆ ಸೋಸುತ್ತಿದ್ದ ಅವ್ವ ಬಾಗಿಲು ಬಡಿದಳು: “ಪ್ರಭೂ, ಇಲ್ಲೇ ರ ಇಲ್ಲಲ್ಲೋ, ಅಲ್ಲಿ ಕಟಗಿ ಮ್ಯಾಲ ಎಲ್ಲಿಂದ ಬರ್ತೈತಿ?” ಪ್ಲಗ್ ಕಿತ್ತು ಓಡಿಬಂದು ನೋಡಿದರೆ, ಪರದೆಯ ಮೇಲೆ ನಾನೇ ಟೈಪ್ ಮಾಡಿದ ಹೆಸರು: ದಾಕ್ಷಾಯಿಣಿ. ಬೇಕೆಂದು ಮಾಡಿದ್ದಲ್ಲ, ಮಗಳಾಣೆ. ಬೆರಳು ತಾನಾಗಿ ತಿದ್ದಿತ್ತು, ಕಣ್ಣು ಅದನ್ನೇ ಸರಿಯೆಂದು ಓದಿತ್ತು. ಒತ್ತನ್ನು ಆಮೇಲೆ ಬೇರೆಯಾಗಿ ಸುಟ್ಟು ಕೂಡಿಸಿದ್ದೇನೆ. ಯಂತ್ರ ನಾನು ಹೇಳಿದ್ದನ್ನೇ ಬರೆಯುತ್ತಿತ್ತು, ತಿದ್ದಿದವನು ನಾನೇ. ಶುಕ್ರವಾರ ಬರಲೋ ಬೇಡವೋ, ರವಿಕುಮಾರನ ಕೈಯಲ್ಲಿ ಹೇಳಿ ಕಳಿಸು.