ಕಿಲುಬಿನ ಕೆಳಗಿನ ಏಟುಗಳು

ಹಳೆಯ ತಾಮ್ರದ ಕೊಡ ಬಡಿದ ಉಸ್ತಾದರಿಗೆ,

ಹರಿಹರದಿಂದ ಕಲಾಯಿ ಬಡೇಸಾಬರ ಮಗ ತಾರಿಕ್ ಮಾಡುವ ಸಲಾಮು.

ಅಕ್ಷರಗಳು ಸೊಟ್ಟಗಿವೆ, ಒತ್ತು ದೀರ್ಘ ತಪ್ಪಿರಬಹುದು, ಮನ್ನಿಸಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಿಮಗೆ ಈ ಅಕ್ಷರ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಹೆಸರೂ ಗೊತ್ತಿಲ್ಲ. ನಮ್ಮಲ್ಲಿ ಕೈಕೆಲಸ ಬಲ್ಲವರನ್ನು ಉಸ್ತಾದ್ ಅನ್ನುತ್ತಾರೆ, ಹಾಗೇ ಕರೆದಿದ್ದೇನೆ. ಎದುರಿಗೆ ಯಾರಾದರೂ ಇದ್ದರೆ ನನಗೆ ಮಾತು ಹೊರಡುವುದಿಲ್ಲ. ಎಂಟುನೂರು ವರ್ಷ ದೂರ ಇರುವವರಿಗೆ ಬರೆಯುವುದು ಸುಲಭ.

ನಾವು ಪಾತ್ರೆಗೆ ಕಲಾಯಿ ಹಾಕುವವರು, ತಗ್ಗು ಬಿದ್ದಿದ್ದನ್ನು ಬಡಿದು ಸರಿಮಾಡುವವರು. ನಾನು ಹುಟ್ಟು ಎಡಚ. ಎಡಗೈಯಲ್ಲಿ ಬಡಿದ ಪಾತ್ರೆಯನ್ನು ಯಾರು ಅಡುಗೆಮನೆಗೆ ಒಯ್ಯುತ್ತಾರೆ ಎಂದು ಅಬ್ಬಾ ಚಿಕ್ಕಂದಿನಲ್ಲೇ ಸುತ್ತಿಗೆಯನ್ನು ಬಲಗೈಗೆ ಕೊಟ್ಟರು. ಆ ಕೈಯಲ್ಲಿ ನನ್ನ ಏಟು ಇಂದಿಗೂ ಸರಿಯಾಗಿ ಕೂರುವುದಿಲ್ಲ. "ನಿನ್ ಕೈಯಾಗೆ ಈ ಕೆಲ್ಸ ಇಲ್ಲ ಬಿಡಪ್ಪ. ರಂಜಾನ್ ಮುಗಿದ್ಮ್ಯಾಲೆ ಗ್ಯಾರೇಜಿಗೆ ಸೇರ್ಕೋ" ಎಂದು ಅಬ್ಬಾ ಹೇಳಿಬಿಟ್ಟಿದ್ದಾರೆ. ನನಗೆ ತಾಮ್ರ ಬಿಟ್ಟು ಬೇರೇನೂ ಬೇಡ.

ಕಳೆದ ವಾರ ದಾವಣಗೆರೆಯ ಬಕ್ಕೇಶಪ್ಪ ಸಾವ್ಕಾರ್ರು ಕರೆಸಿದ್ದರು. ತಮ್ಮ ಮನೆಯ ಮಹಡಿಯ ಮೇಲೆ ಅವರು ಪುರಾತನ ಸಾಮಾನುಗಳ ಮ್ಯೂಸಿಯಂ ಮಾಡಿದ್ದಾರೆ. ಒಂದು ಹಿತ್ತಾಳೆ ಸ್ಟ್ಯಾಂಡಿನ ಕಾಲಿಗೆ ಬೆಸುಗೆ ಹಾಕಬೇಕಿತ್ತು. ಬೆಸುಗೆ ಆರುವವರೆಗೆ ಸುತ್ತಾಡಿದೆ. ಒಂದು ವೀರಗಲ್ಲಿನಲ್ಲಿ, ಸತ್ತವನನ್ನು ಸ್ವರ್ಗಕ್ಕೆ ಒಯ್ಯುವ ಹೆಂಗಸರ ಕಿವಿಗೆ ಇಷ್ಟಿಷ್ಟು ದೊಡ್ಡ ಓಲೆ. ಯುದ್ಧದ ಕಲ್ಲಿನಲ್ಲಿ ಓಲೆ ಕೆತ್ತು ಎಂದು ಆ ಶಿಲ್ಪಿಗೆ ಯಾರು ಹೇಳಿದ್ದರು? ಮಡಕೆಯ ಚೂರೊಂದರ ಮೇಲೆ ಬೆರಳಿನ ಗುರುತಿತ್ತು, ನನ್ನ ಕಿರುಬೆರಳಿಗಿಂತ ಸಣ್ಣದು. ಬಗ್ಗಿ ಬಗ್ಗಿ ನೋಡಿ ಗಾಜಿನ ತುಂಬ ನನ್ನ ಉಸಿರು ಕೂತಿತು.

ಸ್ಟ್ಯಾಂಡಿನಿಂದ ಇಳಿಸಿದ್ದ ನಿಮ್ಮ ಕೊಡ ನೆಲದ ಮೇಲಿತ್ತು. ಭಾನುವಳ್ಳಿಯ ಹೊಲವೊಂದರಲ್ಲಿ ಸಿಕ್ಕಿದ್ದಂತೆ. ಮೈತುಂಬ ಹಸಿರು ಕಿಲುಬು. ಕಿಲುಬು ಕಂಡರೆ ನಮ್ಮ ಮನೆಯವರ ಕೈ ಸುಮ್ಮನಿರುವುದಿಲ್ಲ, ನಮಗೆ ಅದು ವಿಷ. ಸಾವ್ಕಾರ್ರು ಊಟಕ್ಕೆ ಇಳಿದಿದ್ದರು. ಬಂದು ನೋಡಿ ಖುಷಿಪಡಲಿ ಎಂದು ಚೀಲದಿಂದ ಹುಣಸೆಹಣ್ಣು, ಉಪ್ಪು ತೆಗೆದು ಉಜ್ಜಲು ಕೂತೆ. ಅರ್ಧ ಕೊಡ ಹೊಳೆಯುವಷ್ಟರಲ್ಲಿ ಅವರು ಬಂದು ತಲೆ ಹಿಡಿದುಕೊಂಡರು.

"ಏನ್ ಮಾಡಿದ್ಯೋ ಮಾರಾಯ! ಎಂಟ್ನೂರು ವರ್ಷದ ಹಸಿರು ಕಣೋ ಅದು!"

"ಕಿಲುಬು ಕಣ್ರಿ ಸಾವ್ಕಾರ್ರೆ. ಇದ್ರಾಗಿನ ನೀರು ಕುಡಿದ್ರೆ ವಾಂತಿ ಆಗ್ತೈತ್ರಿ" ಎಂದೆ.

"ಇದ್ರಾಗೆ ನೀರು ಕುಡಿಯಾಕೆ ಯಾರ್ ಬರ್ತಾರೋ? ಬಡಿದೋನು ಎದ್ದು ಬರ್ತಾನಾ?"

ನಾಚಿಕೆಯಿಂದ ತಲೆ ತಗ್ಗಿಸಿದಾಗ ಉಜ್ಜಿದ ಭಾಗ ಕಣ್ಣಿಗೆ ಬಿತ್ತು. ನಿಮ್ಮ ಸುತ್ತಿಗೆಯ ಏಟುಗಳು! ಒಂದರ ಅಂಚಿನ ಮೇಲೆ ಇನ್ನೊಂದು, ಮೀನಿನ ಹುರುಪೆಯ ಹಾಗೆ. ಅಬ್ಬಾ ಬಡಿದ ಪಾತ್ರೆಗಳಲ್ಲಿ ಆ ಸಾಲು ಬಲಕ್ಕೆ ಸಾಗುತ್ತದೆ. ನಿಮ್ಮದು ಎಡಕ್ಕೆ ಸಾಗಿತ್ತು. ಕೊಡವನ್ನು ಮಡಿಲಲ್ಲಿಟ್ಟು ಬಲಗೈಯಲ್ಲಿ ತಿರುಗಿಸುತ್ತ, ಬರಿಯ ಎಡಗೈಯನ್ನು ಏಟಿನಂತೆ ಆಡಿಸಿ ನೋಡಿದೆ. ಪ್ರತಿ ಗುರುತಿಗೂ ಕೈ ಸರಿಯಾಗಿ ಇಳಿಯಿತು.

"ಸಾವ್ಕಾರ್ರೆ, ಇವ್ರು ಎಡಚ್ರು ಕಣ್ರಿ!" ಎಂದು ಕೂಗಿಬಿಟ್ಟೆ. ಹಿಂದೆ ಎಂದಾದರೂ ನಾನು ಅಷ್ಟು ಜೋರಾಗಿ ಮಾತಾಡಿದ್ದು ನನಗೇ ನೆನಪಿಲ್ಲ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇನ್ನರ್ಧ ಮುಟ್ಟಬ್ಯಾಡ" ಎಂದರು. ಆಮೇಲೆ ಬೈಯಲಿಲ್ಲ.

ಉಸ್ತಾದ್, ನಿಮ್ಮ ಕೊಡದ ಹಸಿರು ಉಜ್ಜಿದ್ದಕ್ಕೆ ಕ್ಷಮೆ ಕೇಳಲು ಕೂತವನು ಪ್ರಶ್ನೆಗಳನ್ನೇ ಕೇಳುತ್ತಿದ್ದೇನೆ. ನಿಮ್ಮ ಅಪ್ಪನೂ ಸುತ್ತಿಗೆ ಕೈ ಬದಲಾಯಿಸಿದ್ದರೇ? ನೀವು ಹೇಗೆ ಎದುರು ನಿಂತಿರಿ? ಈ ಕೊಡದಲ್ಲಿ ನೀರು ತಂದವಳಿಗೆ ನೀವು ಎಡಚರೆಂದು ಗೊತ್ತಿತ್ತೇ? ನಿಮ್ಮ ಕೊಡ ಇನ್ನೂ ಎಂಟುನೂರು ವರ್ಷ ಬಾಳಲಿ. ಎಲ್ಲಿದ್ದರೂ ನಿಮ್ಮ ಕೈ ತಣ್ಣಗಿರಲಿ.

ಇವತ್ತು ಬೆಳಿಗ್ಗೆ ಒಂದು ತಂಬಿಗೆಯ ತಗ್ಗು ತೆಗೆಯಬೇಕಿತ್ತು. ಅಬ್ಬಾನ ಎದುರಿಗೇ ಕೂತು ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡೆ. ಮುಗಿದ ಮೇಲೆ ಅಬ್ಬಾ ತಂಬಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮುಂದಿನ ಪಾತ್ರೆಯನ್ನು ನನ್ನ ಕಡೆಗೆ ಸರಿಸಿದರು.

ತಾರಿಕ್,
ಕಲಾಯಿ ಕೆಲಸ, ಹರಿಹರ