ಅರಕಲಗೂಡಿನ ಬಸ್ಸು ನಿಲ್ಲುವುದಿಲ್ಲ

ಹೊಳೆನರಸೀಪುರ
೧೨-೧೦-೧೯೪೩

ಚಿ. ಸೌ. ಪ್ರೇಮಕುಮಾರಿಗೆ ನಿನ್ನ ತಾಯಿಯ ಆಶೀರ್ವಾದಗಳು.

ಬಸ್ ಕಂಪನಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಮೈಸೂರಿಗೆ ಬಂದುಬಿಡು ಎಂದು ಬರೆದಿದ್ದೀಯೆ. ಬರುವುದಿಲ್ಲ, ಮಗು. ಕಾರಣ ಕೇಳು.

ನಿಮ್ಮ ಅಪ್ಪ ಹೋದ ಮೇಲೆ ಅವರ ಕುರ್ಚಿಯಲ್ಲಿ ಕೂತೆನೇ ಹೊರತು ನನ್ನ ಕೆಲಸವೇನೆಂದು ನನಗೇ ತಿಳಿದಿರಲಿಲ್ಲ. ದೇವಯ್ಯ ಅರಕಲಗೂಡಿನ ಬಸ್ಸು, ಇನ್ನೊಬ್ಬ ಡ್ರೈವರ್ ಚನ್ನರಾಯಪಟ್ಟಣದ ಬಸ್ಸು ಓಡಿಸುತ್ತಾರೆ, ಗುಮಾಸ್ತ ಲೆಕ್ಕ ಬರೆಯುತ್ತಾನೆ, ನಾನು ರುಜು ಹಾಕುತ್ತೇನೆ. ಅಷ್ಟೇ.

ಹೋದ ತಿಂಗಳು ನಿನ್ನ ಚಿಕ್ಕಪ್ಪ ಗುಂಡಯ್ಯ ಬಂದು, “ಅತ್ಗೆಮ್ಮ, ಯುದ್ಧದ ದೆಸೆಯಿಂದ ಟೈರ್ ಸಿಗ್ತಿಲ್ಲ. ಅರಕಲಗೂಡಿನ ರಸ್ತೆ ಟೈರೆಲ್ಲ ತಿಂದಾಕ್ತದೆ. ಆ ಬಸ್ ನಿಲ್ಸಿ, ಎರಡ್ನೂ ಚನ್ನರಾಯಪಟ್ಟಣಕ್ಕೇ ಬುಡಾನ. ನೀವ್ ರುಜು ಹಾಕಿ ಸಾಕು,” ಅಂದ.

ಹಾಕಲಿಲ್ಲ. ಮರುದಿನ ಅರಕಲಗೂಡಿಗೆ ಹೋಗಿ, ನಮ್ಮದೇ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಕೂತೆ. ಪೆಟ್ರೋಲ್ ಸಿಗದೆ ಬಸ್ಸು ಈಗ ಇದ್ದಿಲ ಗ್ಯಾಸಿನಲ್ಲಿ ಓಡುತ್ತದೆ, ಹೊಗೆಗೆ ಕಣ್ಣು ಉರಿಯಿತು. ನಮ್ಮೂರಿಗೆ ಬಂದಾಗ ನೋಡುತ್ತೇನೆ, ಇಳಿದವರಲ್ಲಿ ಮನೆ ಕಡೆ ಹೊರಟವರು ಕಡಿಮೆ. ವೀಳ್ಯದೆಲೆಯ ಪೆಂಡಿ ಹೊತ್ತವರು, ಬೆಳಗೊಳದ ಯಾತ್ರಿಕರು, ಬಾಣಂತಿ ಮಗಳನ್ನು ನೋಡಲು ಹೊರಟ ಅಜ್ಜಿ, ಎಲ್ಲರೂ ಎದುರಿಗಿದ್ದ ಚನ್ನರಾಯಪಟ್ಟಣದ ಬಸ್ಸು ಹತ್ತಿದರು. ಆ ಬಸ್ಸು ತುಂಬುತ್ತಿದ್ದದ್ದೇ ಅರಕಲಗೂಡಿನ ಬಸ್ಸಿನಿಂದ. ಒಬ್ಬೊಬ್ಬರೂ ತಮ್ಮ ತಮ್ಮ ಬಸ್ಸು ನೋಡಿಕೊಳ್ಳುತ್ತಿದ್ದರು. ಎರಡನ್ನೂ ಸೇರಿಸಿ ನೋಡುವವರು ಯಾರೂ ಇರಲಿಲ್ಲ. ನನ್ನ ಕೆಲಸ ಅದು ಎಂದು ಅವತ್ತು ತಿಳಿಯಿತು.

ಇದನ್ನೇ ಗುಂಡಯ್ಯನಿಗೆ ಹೇಳಿದೆ. “ಬಸ್ನಾಗೆ ಅಲೆಯೋದು ಎಜಮಾನಿಕೆನಾ? ಜನ ನಗ್ತಾರೆ,” ಅಂದ. “ನಗಲಿ ಬುಡಪ್ಪ. ಅರಕಲಗೂಡಿನ ಬಸ್ ನಿಲ್ಲಾಕಿಲ್ಲ,” ಅಂದೆ.

ಸಿಟ್ಟಿನಿಂದ, ಕಂಪನಿಯಲ್ಲಿದ್ದ ತನ್ನ ಪಾಲಿಗೆ ಎರಡರಲ್ಲಿ ಹೊಸ ಬಸ್ಸನ್ನೇ ಕೇಳಿದ. ಕೊಟ್ಟೆ. ಉಳಿದ ಹಳೆಯದೇ ಈಗ ಅರಕಲಗೂಡಿನಿಂದ ನೇರ ಚನ್ನರಾಯಪಟ್ಟಣಕ್ಕೆ ಹೋಗುತ್ತದೆ. ಒಳಗೆ ನಿಲ್ಲಲೂ ಜಾಗವಿಲ್ಲ, ಅಷ್ಟು ಜನ. ನಾಳೆ ಕೆಟ್ಟು ನಿಂತರೆ ರಿಪೇರಿ ಮಾಡಿಸುತ್ತೇನೆ. ನನ್ನ ಮೇಲೆ ಕನಿಕರ ಪಡಬೇಡ.

ಇಂತಿ ನಿನ್ನ ತಾಯಿ,
ಬಸವಲಿಂಗಮ್ಮ

ಮರೆತಿದ್ದೆ: ಗುಂಡಯ್ಯ ಆ ಬಸ್ಸಿನಿಂದ ಶುರುಮಾಡಿರುವ ಹೊಸ ಕಂಪನಿಯಲ್ಲಿ ನಿನ್ನ ಯಜಮಾನರೂ ಪಾಲುದಾರರು. ನಿನಗೆ ಹೇಳಿರಲಾರರು, ನನ್ನನ್ನು ಮೈಸೂರಿಗೆ ಕರೆಸಿಕೋ ಎಂದು ಮಾತ್ರ ಹೇಳಿರಬೇಕು. ಜಗಳ ಆಡಬೇಡ. ದೀಪಾವಳಿಗೆ ಇಬ್ಬರೂ ಬನ್ನಿ. ಅಳಿಯಂದಿರಿಗೆ ಒಬ್ಬಟ್ಟು ಮಾಡಿ ಬಡಿಸುತ್ತೇನೆ. ಕಂಪನಿ ಬಿಡುವುದಿಲ್ಲ.